ತಿಳಿಸದೆ ಬಂದು ತಪಾಸಣೆ ಮಾಡಿ: ಹಲ್ಲಿನ ಕ್ಲಿನಿಕ್ಕಿನ ಬಗ್ಗೆ ಒಂದು ದೂರು

ಗೆ,
ಮುಖ್ಯಸ್ಥರು,
ಗುಣಮಟ್ಟ ಮತ್ತು ರೋಗಿ ಸುರಕ್ಷತಾ ವಿಭಾಗ,
ಕೇಂದ್ರ ಕಚೇರಿ, ಬೆಂಗಳೂರು

ವಿಷಯ: ನಿಮ್ಮ ದಾವಣಗೆರೆ ಶಾಖೆಯಲ್ಲಿ ಕಂಡ ಸೋಂಕು ನಿಯಂತ್ರಣದ ಲೋಪಗಳು ಮತ್ತು ಮುನ್ಸೂಚನೆಯಿಲ್ಲದ ತಪಾಸಣೆಗೆ ಒತ್ತಾಯ

ಮಾನ್ಯರೇ,

ಕಳೆದ ವಾರ ನಮ್ಮ ಮನೆಯವರ ದವಡೆ ಹಲ್ಲು ಕೀಳಿಸಲು ನಿಮ್ಮ ದಾವಣಗೆರೆ ಶಾಖೆಗೆ ಹೋಗಿದ್ದೆವು. ಹಲ್ಲು ಕಿತ್ತಾಯಿತು, ಗಾಯವೂ ಮಾಯುತ್ತಿದೆ. ವೈದ್ಯರ ಕೈಗುಣದ ಬಗ್ಗೆ ನನ್ನ ತಕರಾರಿಲ್ಲ. ಒಬ್ಬ ರೋಗಿ ಕುರ್ಚಿಯಿಂದ ಎದ್ದು ಇನ್ನೊಬ್ಬರು ಕೂರುವ ನಡುವೆ ಏನು ನಡೆಯಿತು, ಏನು ನಡೆಯಲಿಲ್ಲ ಎಂಬುದರ ಬಗ್ಗೆ ಈ ದೂರು. ನಾನು ಸರ್ಕಾರಿ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಸ್ಟಾಫ್ ನರ್ಸ್ ಆಗಿ ದುಡಿದು ನಿವೃತ್ತಳಾದವಳು. ಕಣ್ಣಾರೆ ಕಂಡದ್ದನ್ನು ಕಂಡದ್ದೆಂದೂ, ಕೇಳಿದ್ದನ್ನು ಕೇಳಿದ್ದೆಂದೂ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಗಂಭೀರವಾದದ್ದು ಇಂಜೆಕ್ಷನ್ ವಿಷಯ. ಮರಗಟ್ಟಿಸಲು 30 ಎಂಎಲ್ ಲಿಗ್ನೊಕೇನ್ ಬಾಟಲಿಯಿಂದ ಔಷಧಿ ಎಳೆದು ಕೊಟ್ಟರು. ಸ್ವಲ್ಪ ಹೊತ್ತಿಗೆ ನಮ್ಮ ಮನೆಯವರು ಇನ್ನೂ ನೋವಿದೆ ಎಂದಾಗ, ಬಾಯೊಳಗೆ ಹೋಗಿಬಂದ ಅದೇ ಸಿರಿಂಜನ್ನು ಸೂಜಿಯ ಸಮೇತ ಅದೇ ಬಾಟಲಿಗೆ ಚುಚ್ಚಿ ಮತ್ತೆ ಔಷಧಿ ಎಳೆದರು. ಕೆಲಸ ಮುಗಿದ ಮೇಲೆ ಉಳಿದ ಔಷಧಿಯ ಬಾಟಲಿ ಕಪಾಟಿಗೆ ವಾಪಸ್ ಹೋಯಿತು. ಇವರಿಗಿಂತ ಮೊದಲು ಅದೇ ಬಾಟಲಿಯಿಂದ ಎಷ್ಟು ಜನರಿಗೆ ಹೀಗೆ ಎರಡನೇ ಸಲ ಎಳೆದಿದ್ದರೋ! ಹೆಪಟೈಟಿಸ್ ಬಿ, ಸಿ ಹರಡಲು ಬರಿಗಣ್ಣಿಗೆ ಕಾಣದಷ್ಟು ರಕ್ತ ಸಾಕು. ಸಿರಿಂಜ್ ಹೊಸದೆಂದು ನಮ್ಮೆದುರೇ ಪೊಟ್ಟಣ ಹರಿದು ತೋರಿಸಿದ್ದರು. ಬಾಟಲಿಯೇ ಕೆಟ್ಟ ಮೇಲೆ ಹೊಸ ಸಿರಿಂಜಿನಿಂದ ಏನು ರಕ್ಷಣೆ?

ಇನ್ನು ಹಲ್ಲು ಕೊರೆಯುವ ಹ್ಯಾಂಡ್‌ಪೀಸ್. ಹಿಂದಿನ ರೋಗಿ ಹೊರಬಂದ ಮೇಲೆ ಸಹಾಯಕಿ ಹುಡುಗಿ ಅದನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ, ಅಲ್ಲೇ ಸಿಕ್ಕಿಸಿ ನಮ್ಮನ್ನು ಒಳಗೆ ಕರೆದಳು. ಈ ಉಪಕರಣ ತಿರುಗುವುದನ್ನು ನಿಲ್ಲಿಸುವ ಕ್ಷಣದಲ್ಲಿ ರೋಗಿಯ ಉಗುಳು, ರಕ್ತ ಅದರ ಒಳಕ್ಕೆ ಸೆಳೆದುಹೋಗಬಹುದು. ಹೊರಗೆ ಒರೆಸುವುದೆಂದರೆ ಪಾತ್ರೆಯ ಹೊರಮೈ ತೊಳೆದು ಒಳಗಿನ ಎಂಜಲು ಬಿಟ್ಟಂತೆ. ಪ್ರತಿ ರೋಗಿಯ ನಂತರವೂ ಅದು ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಯಂತ್ರವಾದ ಆಟೋಕ್ಲೇವ್‌ಗೆ ಹೋಗಲೇಬೇಕು. ಹಬೆಯಲ್ಲಿ 121 ಡಿಗ್ರಿಗೆ 15ರಿಂದ 20 ನಿಮಿಷ ಅಥವಾ 134 ಡಿಗ್ರಿಗೆ 3–4 ನಿಮಿಷ ಎಂದು ಪುಸ್ತಕದಲ್ಲಿರುತ್ತದೆ. ಆದರೆ ಕಾಯುವುದು, ಒಣಗುವುದು, ಆರುವುದು ಎಲ್ಲ ಸೇರಿದರೆ ಒಂದು ಸುತ್ತಿಗೆ ಮುಕ್ಕಾಲು ಗಂಟೆ ಸುಲಭವಾಗಿ ಹಿಡಿಯುತ್ತದೆ. ನಿಮ್ಮ ಶಾಖೆಯಲ್ಲಿ ಅರ್ಧ ಗಂಟೆಗೊಬ್ಬ ರೋಗಿಗೆ ಸಮಯ ಕೊಡುತ್ತಾರೆ. ಆ ಕುರ್ಚಿಗೆ ಇರುವುದು ಒಂದೇ ಹ್ಯಾಂಡ್‌ಪೀಸ್ ಎಂದು ಆ ಹುಡುಗಿಯೇ ಹೇಳಿದಳು. ಹಾಗಿದ್ದ ಮೇಲೆ ಎಷ್ಟೇ ನಿಷ್ಠೆಯ ಕೆಲಸಗಾರಳಿದ್ದರೂ ನಿಯಮ ಪಾಲಿಸುವುದು ಸಾಧ್ಯವೇ ಇಲ್ಲ. ಅದಕ್ಕೇ ನಾನು ಆ ಹುಡುಗಿಯ ಮೇಲೆ ದೂರು ಕೊಡುತ್ತಿಲ್ಲ. ದಯವಿಟ್ಟು ಅವಳನ್ನು ಕೆಲಸದಿಂದ ತೆಗೆದು ಇದು ಮುಗಿಯಿತು ಎನ್ನಬೇಡಿ.

ಗಾಯ ತೊಳೆಯಲು ಬಳಸಿದ ಸಲೈನ್ ಬಾಟಲಿಯ ಮುಚ್ಚಳದಲ್ಲಿ ಒಂದು ಸೂಜಿ ನೆಟ್ಟೇ ಇತ್ತು. ತೆರೆದ ದಿನಾಂಕ ಎಲ್ಲೂ ಬರೆದಿರಲಿಲ್ಲ. ಇದನ್ನು ಸಣ್ಣ ಮಾತೆಂದು ತಳ್ಳಿಹಾಕುವ ಮೊದಲು ತಮಿಳುನಾಡಿನ ವಾಣಿಯಂಬಾಡಿಯನ್ನು ನೆನಪಿಸಿಕೊಳ್ಳಿ. 2023ರಲ್ಲಿ ಅಲ್ಲಿನ ಒಂದು ಹಲ್ಲಿನ ಕ್ಲಿನಿಕ್ಕಿಗೆ ಹೋಗಿಬಂದವರಿಗೆ ಮೆಲಿಯಾಯ್ಡೋಸಿಸ್ ಎಂಬ ಬ್ಯಾಕ್ಟೀರಿಯಾ ಸೋಂಕು ಮೆದುಳಿಗೇರಿ 8 ಮಂದಿ ತೀರಿಕೊಂಡರು. ತನಿಖೆ ಮಾಡಿದವರಿಗೆ ಆ ಬ್ಯಾಕ್ಟೀರಿಯಾ ಸಿಕ್ಕಿದ್ದು ತೆರೆದಿಟ್ಟು ಬಳಸುತ್ತಿದ್ದ ಸಲೈನ್ ಬಾಟಲಿಯಲ್ಲಿ. ಹಲ್ಲುನೋವೆಂದು ಹೋದವರು ಅವರೆಲ್ಲ.

ನಮ್ಮ ಮನೆಯವರಿಗೆ ಸ್ಟೆಂಟ್ ಹಾಕಿದೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದೆ. ಅದನ್ನು ಯಾರೂ ಕೇಳಲಿಲ್ಲ, ನಾನಾಗಿಯೇ ಹೇಳಿದೆ. ಬಿಪಿ ನೋಡಲಿಲ್ಲ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡದ್ದು ಬಿಲ್ ಕೌಂಟರಿನಲ್ಲಿ, ಅದೂ ಹಲ್ಲು ಕಿತ್ತಾದ ಮೇಲೆ.

ಇಷ್ಟೆಲ್ಲ ಕಂಡು ನಾನು ಕೇಳಿದಾಗ ಸ್ವಾಗತಕಾರರು ಗೋಡೆಯತ್ತ ಕೈ ತೋರಿಸಿ, "ಆಂಟಿ, ನಮ್ಮದು ಆಡಿಟ್ ಆಗಿರೋ ಕ್ಲಿನಿಕ್" ಎಂದರು. ನಿಮ್ಮ ವಿಭಾಗವೇ ಕೊಟ್ಟ ಪ್ರಮಾಣಪತ್ರ ಅಲ್ಲಿ ಚೌಕಟ್ಟಿನಲ್ಲಿತ್ತು. ತಪಾಸಣೆಗೆ ಬರುವವರು ವಾರ ಮೊದಲೇ ತಿಳಿಸಿ ಬರುತ್ತಾರೆ, ಆ ದಿನ ರೋಗಿಗಳನ್ನು ಕಡಿಮೆ ತೆಗೆದುಕೊಳ್ಳುತ್ತೇವೆ ಎಂಬುದೂ ಅವರ ಬಾಯಿಂದಲೇ ಬಂತು. ರೋಗಿಗಳಿಲ್ಲದ ದಿನ ಬಂದವರು ಏನನ್ನು ಪರೀಕ್ಷಿಸಿದಂತಾಯಿತು? ಆಟೋಕ್ಲೇವ್ ಇದೆಯೇ ಎಂದು ನೋಡಿರುತ್ತಾರೆ, ಇದೆ. ರಿಜಿಸ್ಟರ್ ತುಂಬಿದೆಯೇ ಎಂದು ನೋಡಿರುತ್ತಾರೆ, ತುಂಬಿರುತ್ತದೆ.

ಆದ್ದರಿಂದ ನಿಮ್ಮವರು ತಿಳಿಸದೆ, ಕ್ಲಿನಿಕ್ ತುಂಬಿರುವ ಸಂಜೆ ಬರಬೇಕು. ಅಪಾಯಿಂಟ್‌ಮೆಂಟ್ ಪುಸ್ತಕ ಒಂದು ಕೈಯಲ್ಲಿ ಹಿಡಿದು ಹ್ಯಾಂಡ್‌ಪೀಸ್‌ಗಳನ್ನು ಎಣಿಸಲಿ, ಲೆಕ್ಕ ಅಲ್ಲೇ ಗೊತ್ತಾಗುತ್ತದೆ. ಒಬ್ಬರ ಬಾಯಿಂದ ಹೊರಬಂದ ಉಪಕರಣವನ್ನು ಹಿಂಬಾಲಿಸಿ, ಇನ್ನೊಬ್ಬರ ಬಾಯಿ ಸೇರುವವರೆಗೆ ನೋಡಲಿ. ಆಟೋಕ್ಲೇವ್‌ಗೆ ಸ್ಪೋರ್ ಪರೀಕ್ಷೆ (ಸುಲಭಕ್ಕೆ ಸಾಯದ ಬ್ಯಾಕ್ಟೀರಿಯಾ ಒಳಗಿಟ್ಟು ಅವೂ ಸತ್ತವೇ ಎಂದು ನೋಡುವುದು) ಕೊನೆಯ ಬಾರಿ ಯಾವಾಗ ಆಯಿತೆಂದು ಕೇಳಲಿ. ಉಪಕರಣ ಹಾಕಿ ಯಂತ್ರದೊಳಗಿಡುವ ಪೌಚಿನ ಮೇಲಿನ ಪಟ್ಟಿ ಬಣ್ಣ ಬದಲಿಸಿದ ಮಾತ್ರಕ್ಕೆ ಕ್ರಿಮಿ ಸತ್ತಿವೆ ಎಂದಲ್ಲ. ಸೂಜಿಗಳು ಬಿಳಿ ಡಬ್ಬಿಗೆ, ರಕ್ತದ ಹತ್ತಿ ಹಳದಿ ಚೀಲಕ್ಕೆ ಹೋಗುತ್ತಿವೆಯೇ, 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಆ ರಕ್ತದ ಹತ್ತಿ 48 ಗಂಟೆಯೊಳಗೆ ಸಾಗುತ್ತಿದೆಯೇ ಎಂಬುದನ್ನೂ ನೋಡಲಿ. ಎಕ್ಸ್‌ರೇ ಯಂತ್ರಕ್ಕೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಇದ್ದರೆ ಅದರ ಪ್ರತಿಯನ್ನು ರೋಗಿಗಳಿಗೆ ಕಾಣುವಂತೆ ಹಾಕಿ.

ನಮ್ಮ ಮನೆಯವರ ರಕ್ತಪರೀಕ್ಷೆ ಈಗೊಮ್ಮೆ ಮಾಡಿಸಿದ್ದೇವೆ, ಆರು ತಿಂಗಳಿಗೆ ಮತ್ತೆ ಮಾಡಿಸಬೇಕೆಂದು ವೈದ್ಯರು ಹೇಳಿದ್ದಾರೆ. ಆ ಖರ್ಚು ನಿಮ್ಮದು. ಅದಕ್ಕಿಂತ ಮುಖ್ಯವಾಗಿ, ಆ ಲಿಗ್ನೊಕೇನ್ ಬಾಟಲಿಯಿಂದ ಇಂಜೆಕ್ಷನ್ ಪಡೆದ ಉಳಿದವರಿಗೆ ನೀವೇ ಫೋನ್ ಮಾಡಿ ತಿಳಿಸಿ, ಪರೀಕ್ಷೆ ಮಾಡಿಸಬೇಕು. ಅವರಿಗೆ ಇದು ಗೊತ್ತೇ ಇಲ್ಲ.

15 ದಿನದೊಳಗೆ ತಪಾಸಣೆಯ ವರದಿ ಸಹಿತ ಲಿಖಿತ ಉತ್ತರ ಬರದಿದ್ದರೆ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೂ ರಾಜ್ಯ ದಂತ ವೈದ್ಯ ಪರಿಷತ್ತಿಗೂ ಇದೇ ಪತ್ರವನ್ನು ಕಳುಹಿಸುತ್ತೇನೆ. ಬಿಲ್, ಒಪ್ಪಿಗೆ ಪತ್ರ ಮತ್ತು ಔಷಧಿ ಚೀಟಿಯ ಪ್ರತಿಗಳನ್ನು ಲಗತ್ತಿಸಿದ್ದೇನೆ.

ಇಂತಿ,
ನಿಮ್ಮ ದಾವಣಗೆರೆ ಶಾಖೆಯ ರೋಗಿಯೊಬ್ಬರ ಪತ್ನಿ,
ನಿವೃತ್ತ ಸ್ಟಾಫ್ ನರ್ಸ್