ಗೆಳೆಯನಿಗೊಂದು ಪತ್ರ: ಆ ಹಾಡಿನಲ್ಲಿ ಅವಳೂ ಇದ್ದಾಳೆ

ಪ್ರೀತಿಯ ಮಂಜು,

‘ವಿಸ್ಕಿ ಲಲಬೈ’ (ವಿಸ್ಕಿಯ ಜೋಗುಳ) ಅನ್ನೋ ಅಮೆರಿಕದ ಕಂಟ್ರಿ ಹಾಡು ಕೇಳಿ ನೀನು ಎರಡು ಮಾತು ಬರೆದಿದ್ದೆ. ಹಾಡಿನಲ್ಲಿ ಬರುವ ಪ್ರೇಮಿ ಗುಂಡು ಹೊಡೆದುಕೊಂಡು ಸಾಯುತ್ತಾನಾ ಅಂತ ಒಂದು. ಅವನ ಸಾವಿಗೆ ಅವನನ್ನು ಬಿಟ್ಟುಹೋದ ಅವಳೇ ಕಾರಣ ಅಲ್ವಾ ಅಂತ ಇನ್ನೊಂದು.

ಮೊದಲನೆಯದಕ್ಕೆ ಉತ್ತರ ಸುಲಭ. ಆ ಹಾಡಿನಲ್ಲಿ ಬಂದೂಕು ಇಲ್ಲ ಕಣೋ. ಅವನು ತಲೆಗೆ ಹಿಡಿದು ಟ್ರಿಗರ್ ಒತ್ತುವುದು ಬಾಟಲಿಯನ್ನು. ವರ್ಷಗಟ್ಟಲೆ ಕುಡಿದೂ ಅವಳನ್ನು ಮರೆಯಲಾಗದೆ ಸಾಯುವುದನ್ನು ಒಂದೇ ಸಾಲಿನಲ್ಲಿ ಹೇಳಿದ್ದಾರೆ. ಆ ಸಾಲು ಹುಟ್ಟಿದ್ದೂ ನಿಜವಾದ ನೋವಿನಿಂದಲೇ. ಬಿಲ್ ಆಂಡರ್ಸನ್ ಜೊತೆ ಈ ಹಾಡು ಬರೆದ ಜಾನ್ ರಾಂಡಲ್‌ಗೆ ಆಗ ಮದುವೆ ಮುರಿದಿತ್ತು, ರೆಕಾರ್ಡ್ ಕಂಪನಿಯ ಒಪ್ಪಂದವೂ ಕೈತಪ್ಪಿತ್ತು. ಕುಡಿತದಲ್ಲಿ ಮುಳುಗಿದ್ದರು. ಆಗ ಅವರ ಮ್ಯಾನೇಜರ್, ಬಾಟಲಿಯನ್ನು ಹಾಗೆ ತಲೆಗಿಟ್ಟುಕೊಂಡು ತಾನೂ ಟ್ರಿಗರ್ ಒತ್ತಿದ್ದೇನೆ ಅನ್ನುವ ಅರ್ಥದಲ್ಲಿ ಸಮಾಧಾನ ಹೇಳಿದರಂತೆ. ಆ ಮಾತನ್ನು ರಾಂಡಲ್ ಮರೆಯಲಿಲ್ಲ.

ನಿನ್ನ ಎರಡನೇ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ.

ಹಾಡು ಶುರುವಾಗುವುದೇ ಅವಳು ಅವನನ್ನು ಸಿಗರೇಟಿನ ತುದಿಯ ಹಾಗೆ ಹೊಸಕಿ ಹಾಕಿದಳು ಅಂತ. ನಿಜ, ಅದನ್ನು ಕೇಳಿದರೆ ಯಾರಿಗಾದರೂ ಅವಳ ಮೇಲೆ ಸಿಟ್ಟು ಬರುತ್ತದೆ. ಆದರೆ ಯಾಕೆ ಬಿಟ್ಟಳು ಅಂತ ಹಾಡು ಎಲ್ಲೂ ಹೇಳುವುದಿಲ್ಲ. ಸೈನಿಕ ಯುದ್ಧದಿಂದ ಮನೆಗೆ ಬರುವುದು, ಹೆಂಡತಿ ಇನ್ನೊಬ್ಬನ ಜೊತೆ ಇರುವುದು, ಇದೆಲ್ಲ ವಿಡಿಯೋದಲ್ಲಿ ಸೇರಿಸಿದ ಕಥೆ. ನಟ ರಿಕ್ ಶ್ರೋಡರ್ ಅದನ್ನು ನಿರ್ದೇಶಿಸಿ ತಾವೇ ಸೈನಿಕನಾಗಿ ನಟಿಸಿದ್ದಾರೆ. ಚೆನ್ನಾಗಿದೆ. ಆದರೆ ಕಾರಣ ಹೇಳದ ಹಾಡೇ ನನಗೆ ಹೆಚ್ಚು ಇಷ್ಟ. ಕಾರಣ ಗೊತ್ತಾದ ಕೂಡಲೇ ನಾವು ತೀರ್ಪು ಕೊಡೋಕೆ ಕೂತುಬಿಡುತ್ತೇವೆ.

ಎರಡನೇ ಚರಣ ಗಮನಿಸಿ ಕೇಳು. ಮೊದಲನೆಯದನ್ನು ಬ್ರಾಡ್ ಪೈಸ್ಲಿ ಹಾಡುತ್ತಾರೆ, ಇದನ್ನು ಆಲಿಸನ್ ಕ್ರೌಸ್. ದನಿ ಬದಲಾದಾಗ ಕಥೆ ಅವಳ ಕಡೆ ತಿರುಗುತ್ತದೆ. ಊರೆಲ್ಲ ಗುಸುಗುಸು. ಅವಳು ತನ್ನನ್ನೇ ಎಷ್ಟು ದೂಷಿಸಿಕೊಂಡಳು ಅನ್ನೋದು ಮಾತ್ರ ಯಾರಿಗೂ ಗೊತ್ತಿಲ್ಲ. ಬಾಯಿಂದ ಬರುವ ವಿಸ್ಕಿ ವಾಸನೆಯನ್ನು ವರ್ಷಗಳ ಕಾಲ ಮುಚ್ಚಿಡಲು ನೋಡುತ್ತಾಳೆ. ಅವನ ಕುಡಿತ ಎಲ್ಲರ ಕಣ್ಣೆದುರು ನಡೆದದ್ದು. ಇವಳದು ಕದ್ದುಮುಚ್ಚಿ. ಕೊನೆಗೆ ಅವನ ಫೋಟೋ ಅಪ್ಪಿಕೊಂಡು ಅವನ ಹಾಗೆಯೇ ಸಾಯುತ್ತಾಳೆ. ಅವನನ್ನು ಹೂಳಿದ್ದ ವಿಲೋ ಮರದ ಕೆಳಗೇ, ಅವನ ಪಕ್ಕದಲ್ಲೇ ಅವಳನ್ನೂ ಹೂಳುತ್ತಾರೆ.

ಅವನಿಗೆ ಜೋಗುಳ ಹಾಡಿದ ದೇವದೂತರು ಅವಳಿಗೂ ಅದನ್ನೇ ಹಾಡುತ್ತಾರೆ. ಯಾರ ತಪ್ಪು ಜಾಸ್ತಿ ಅಂತ ಲೆಕ್ಕ ಹಾಕುವುದಿಲ್ಲ. ಕುಡುಕರ ಬಗ್ಗೆ, ಬಿಟ್ಟುಹೋದವರ ಬಗ್ಗೆ ಇಷ್ಟು ಮೆತ್ತಗೆ ಮಾತಾಡುವ ಹಾಡು ನಾನು ಬೇರೆ ಕೇಳಿಲ್ಲ. ಹಾಗಂತ ಕುಡಿತವನ್ನು ಚೆಂದ ಮಾಡಿ ತೋರಿಸುವುದೂ ಇಲ್ಲ. ವಿಸ್ಕಿ ಇಬ್ಬರನ್ನೂ ಕೊಲ್ಲುತ್ತದೆ. 2004ರಲ್ಲಿ ಸಿಂಗಲ್ ಆಗಿ ಬಂದ ಈ ಹಾಡಿಗೆ 2005ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್‌ನ ವರ್ಷದ ಹಾಡು ಪ್ರಶಸ್ತಿ ಸಿಕ್ಕಿದ್ದು ನನಗಂತೂ ತುಂಬಾ ಸರಿ ಅನ್ನಿಸುತ್ತದೆ.

ಇನ್ನೊಮ್ಮೆ ಕೇಳು, ಈ ಸಲ ವಿಡಿಯೋ ಬೇಡ. ಆಮೇಲೆ ಫೋನ್ ಮಾಡು. ಎಲ್ಲ ಅವಳದ್ದೇ ತಪ್ಪು ಅಂತ ನಿನಗೆ ಆಗಲೂ ಅನ್ನಿಸಿದರೆ, ಕೂತು ಜಗಳ ಆಡೋಣ.

ನಿನ್ನ,
ರಘು