ಮಗಳಿಗೊಂದು ಪತ್ರ: ಪೇಢೆ ಡಬ್ಬಿಯ ಕೆಳಗೆ ಒಂದು ಕಲ್ಲಿದೆ

ಧಾರವಾಡ, ಭಾನುವಾರ

ಚಿ. ಸೌ. ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಮೂರು ದಿನದಿಂದ ಜಿಟಿಜಿಟಿ ಮಳೆ, ಒಗೆದ ಬಟ್ಟೆ ಒಂದೂ ಒಣಗಿಲ್ಲ. ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಉತ್ತರ ಹೇಳದೆ ಮಾತು ತಿರುಗಿಸಿದೆ. ನಿನ್ನ ಅವ್ವ ಪಕ್ಕದಲ್ಲೇ ಕೂತಿದ್ದಳು. ಅವಳೆದುರು ದೇವರ ವಿಷಯ ಎತ್ತಿದರೆ ನನ್ನ ಸಂಜೆಯ ಚಹಾ ತಡವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಪಕ್ಕದ ಮನೆಯವರು ತಮ್ಮ ಹುಡುಗನ ಜೊತೆ ನನ್ನ ಮೊಮ್ಮಗನನ್ನೂ ಅಮೆರಿಕದ ಕೆಂಟಕಿಯಲ್ಲಿನ, ಬೈಬಲ್ಲಿನ ಸೃಷ್ಟಿಕತೆಯೇ ಚರಿತ್ರೆ ಅಂತ ತೋರಿಸುವ ಆ ಕ್ರಿಯೇಷನ್ ಮ್ಯೂಸಿಯಂಗೆ ಕರೆದುಕೊಂಡು ಹೋಗ್ತಾರಂತೆ, ಕಳಿಸಲೋ ಬೇಡವೋ ಅಂದೆಯಲ್ಲ. ಕಳಿಸು.

ಆಶ್ಚರ್ಯ ಆಯಿತಾ? ಹೋದ ವರ್ಷ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದಾಗ ದಾರಿಯುದ್ದಕ್ಕೂ ನಿನ್ನದು ಒಂದೇ ಮಾತು. "ಅಪ್ಪಾ, ಅಲ್ಲಿ ಯಾರ ಜೋಡಿನೂ ವಾದಕ್ಕ ನಿಂದರಬ್ಯಾಡ್ರಿ." ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವನ ಬಾಯಿಗೆ ಬೀಗ ಹಾಕಿದ ಹಾಗೆ. ನಿಜ ಹೇಳುತ್ತೇನೆ, ನಾನು ಹೋಗಿದ್ದೇ ನಗೋದಕ್ಕೆ. ನಗುವುದಕ್ಕೆ ಬೇಕಾದಷ್ಟು ಇತ್ತು ಕೂಡ. ಡೈನೋಸಾರ್ ಪಕ್ಕದಲ್ಲಿ ಮನುಷ್ಯರ ಮಕ್ಕಳು! ಭೂಮಿಯ ವಯಸ್ಸು ಸುಮಾರು 6,000 ವರ್ಷ ಅಂತೆ. ನೋಹ ಎಂಬ ಭಕ್ತ ನಾವೆ ಕಟ್ಟಿ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸಿದ, ಬೈಬಲ್ಲಿನ ಆ ಪ್ರಳಯ ಆದದ್ದು ಕ್ರಿ.ಪೂ. 2348ರಲ್ಲಿ ಅಂತೆ. ಆ ಹೊತ್ತಿಗೆ ಮೊಹೆಂಜೊದಾರೋದಲ್ಲಿ ಜನ ಓಣಿ ಓಣಿಗೆ ಮೋರಿ ಕಟ್ಟಿಕೊಂಡು ಸುಖವಾಗಿದ್ದರು. ಜಗತ್ತೇ ಮುಳುಗಿದ ಸುದ್ದಿ ಅವರಿಗೆ ಮುಟ್ಟಲಿಲ್ಲ ಅಂತ ಕಾಣುತ್ತದೆ.

ಆಮೇಲೆ ಮುಕ್ಕಾಲು ಗಂಟೆ ದಾರಿ ಸಾಗಿ ವಿಲಿಯಮ್ಸ್‌ಟೌನ್‌ನ ನೋಹನ ನಾವೆ ನೋಡಿದೆವು, ಅದೇ ಮಂದಿ ಕಟ್ಟಿಸಿದ ಮಾದರಿ. 2016ರಲ್ಲಿ ತೆರೆದದ್ದು, 510 ಅಡಿ ಉದ್ದ. ಆ ಮರಗೆಲಸಕ್ಕೆ ಮಾತ್ರ ಕೈ ಮುಗಿಯಬೇಕು. ದೊಡ್ಡ ದೊಡ್ಡ ದಿಮ್ಮಿಗಳು ಒಂದರೊಳಗೊಂದು ಕೂತ ಚೆಂದವನ್ನು ನಾನು ಬೆರಳಾಡಿಸಿ ನೋಡುತ್ತಾ ನಿಂತುಬಿಟ್ಟೆ, ನೆನಪಿದೆಯಾ? ಒಳಗೆ ಸಾಲು ಸಾಲು ಪಂಜರ. ಅವರ ಲೆಕ್ಕದಲ್ಲಿ ಏಳು ಸಾವಿರದ ಹತ್ತಿರ ಹತ್ತಿರ ಪ್ರಾಣಿಗಳು, ನೋಡಿಕೊಳ್ಳಲು ನೋಹನ ಮನೆಯವರು ಎಂಟೇ ಜನ. ಅಂದರೆ ತಲೆಗೆ ಎಂಟುನೂರಕ್ಕೂ ಜಾಸ್ತಿ. ನಮ್ಮ ಹಳ್ಳಿ ಮನೆಯಲ್ಲಿ ಇದ್ದದ್ದು ಎರಡು ಎಮ್ಮೆ. ನಿನ್ನ ಅಜ್ಜಿ ಬೆಳಗಿನ ಜಾವ ಎದ್ದು ಸಗಣಿ ಬಾಚಿ, ಗಂಜಲ ತೊಳೆದು, ಮೇವು ಹಾಕಿ, ಹಿಂಡಿ ಕಲಸಿಟ್ಟು, ಹಾಲು ಹಿಂಡಿ ಬರುವಷ್ಟರಲ್ಲಿ ಸೂರ್ಯ ನೆತ್ತಿಗೆ ಬರುತ್ತಿದ್ದ. ಸಗಣಿ ಹೇಗೆ ಹೊರಗೆ ಹಾಕುತ್ತಿದ್ದರು ಅನ್ನೋದಕ್ಕೂ ಅಲ್ಲಿ ಮಾದರಿ ಮಾಡಿ ಇಟ್ಟಿದ್ದಾರೆ. ಅಜ್ಜಿ ನೋಡಿದ್ದರೆ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು.

ಇನ್ನೊಂದು ಗೊತ್ತಾ? ಮಳೆಗೆ ಗುಡ್ಡ ಜರಿದು ನಾವೆಗೆ ಹೋಗುವ ದಾರಿ ಕೆಟ್ಟಿತು ಅಂತ 2019ರಲ್ಲಿ ಅವರು ವಿಮೆ ಕಂಪನಿಗಳ ಮೇಲೆ ಕೇಸ್ ಹಾಕಿದ್ದರು. ಇದನ್ನು ನಮ್ಮ ವಾಕಿಂಗ್ ಗೆಳೆಯರಿಗೆ ಎಷ್ಟು ಸಲ ಹೇಳಿದ್ದೇನೋ.

ಆದರೆ ನಗು ನಿಂತ ಜಾಗ ಒಂದಿದೆ. ಮ್ಯೂಸಿಯಂನಲ್ಲಿ ಇಬ್ಬರು ಗೊಂಬೆ ವಿಜ್ಞಾನಿಗಳು ಒಂದೇ ಡೈನೋಸಾರ್ ಎಲುಬನ್ನು ಅಗೆಯುತ್ತಿದ್ದರಲ್ಲ, ಅಲ್ಲಿ. ಒಬ್ಬನಿಗೆ ಅದು ಕೋಟಿಗಟ್ಟಲೆ ವರ್ಷದ್ದು, ಇನ್ನೊಬ್ಬನಿಗೆ ಪ್ರಳಯದಲ್ಲಿ ಸತ್ತದ್ದು. ಎಲುಬು ಒಂದೇ, ನೋಡುವ ದೃಷ್ಟಿ ಬೇರೆ ಅನ್ನೋದು ಅವರ ವಾದ. ಎಷ್ಟು ನಯವಾಗಿದೆ ನೋಡು. ಜ್ವರ 102 ಇದ್ದರೆ ನಂಬುವವನಿಗೂ 102, ನಂಬದವನಿಗೂ 102 ಅಲ್ವಾ? ಕಲ್ಲಿನೊಳಗಿನ ಯುರೇನಿಯಂ ತಾನಾಗಿ ಕ್ಷಯಿಸಿ ಸೀಸವಾಗುತ್ತಾ ಹೋಗುತ್ತದೆ. ಇದ್ದದ್ದು ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ ಬೇಕು. ಅದು ಯಾರ ದೃಷ್ಟಿಯನ್ನೂ ಕಾಯುವುದಿಲ್ಲ. ಇದನ್ನೆಲ್ಲ ಕಟ್ಟಿಸಿದ ಕೆನ್ ಹ್ಯಾಮ್ ಕೂಡ ಒಂದು ಕಾಲಕ್ಕೆ ಆಸ್ಟ್ರೇಲಿಯಾದಲ್ಲಿ ವಿಜ್ಞಾನದ ಮಾಸ್ತರ. ನನಗೆ ಚುಚ್ಚಿದ್ದು ಅದು. ಹಲಗೆ, ಸೀಮೆಸುಣ್ಣ, ಕಡ್ಡಿ ತೋರಿಸಿ ಹೇಳುವ ಗತ್ತು, ಎಲ್ಲಾ ನಮ್ಮದೇ.

ಕತೆ ಬಗ್ಗೆ ನನಗೆ ತಕರಾರಿಲ್ಲ. ಪ್ರತಿ ವರ್ಷ ಮಕ್ಕಳನ್ನು ಗದಗಿಗೆ ಕರೆದುಕೊಂಡು ಹೋಗಿ ವೀರನಾರಾಯಣನ ಗುಡಿಯ ಕಂಬ ತೋರಿಸುತ್ತಿದ್ದೆ. ಕುಮಾರವ್ಯಾಸ ಒದ್ದೆ ಬಟ್ಟೆಯಲ್ಲಿ ಈ ಕಂಬಕ್ಕೆ ಒರಗಿ ಕೂತು, ಬಟ್ಟೆ ಆರುವವರೆಗೆ ಪದ್ಯ ಹೇಳುತ್ತಿದ್ದನಂತೆ ಅನ್ನುವಾಗ ನನ್ನ ದನಿಯೇ ಬೇರೆ ಆಗುತ್ತಿತ್ತು. ನೀನೂ ಕೇಳಿದ್ದೀಯ. ಆದರೆ ಆ ಕಂಬದ ಪಕ್ಕ ಬಟ್ಟೆಯ ತೇವಾಂಶದ ಪಟ್ಟಿ ಯಾರೂ ತೂಗು ಹಾಕಿಲ್ಲ. "ಅಂತೆ" ಅನ್ನೋ ಮಾತು ಅಲ್ಲಿ ಹಾಗೇ ಉಳಿದಿದೆ. ಕೆಂಟಕಿಯವರು ಗಾಜಿನ ಪೆಟ್ಟಿಗೆ, ದೀಪ, ಫಲಕ ಇಟ್ಟು ಆ "ಅಂತೆ"ಯನ್ನು ಅಳಿಸಿಬಿಟ್ಟಿದ್ದಾರೆ.

ಈಗ ನಾಚಿಕೆಯ ಸಂಗತಿ. ಊರಿಗೆ ಬಂದ ವಾರಕ್ಕೇ ಕೆಸಿಡಿ (ಕರ್ನಾಟಕ ಕಾಲೇಜು) ಮೈದಾನದಲ್ಲಿ ವಾಕಿಂಗ್ ಗೆಳೆಯರೊಬ್ಬರು ಮೊಬೈಲ್ ಚಾಚಿದರು. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ವಿಜ್ಞಾನಿಗಳು ಹೇಳೋ ಭೂಮಿಯ ವಯಸ್ಸು 454 ಕೋಟಿ, "ನೋಡ್ರಿ ಮಾಸ್ತರ, ನಮ್ಮವರಿಗೆ ಆಗಲೇ ಗೊತ್ತಿತ್ತು" ಅಂತ. ಯಾವ ಕಲ್ಲು ಅಳೆದು ಗೊತ್ತು ಮಾಡಿಕೊಂಡರು ಅಂತ ಕೇಳಬೇಕಿತ್ತು. ಕೇಳಲಿಲ್ಲ. "ಹೌದ್ರಿ" ಅಂದು ಸುಮ್ನೆ ನಡೆದೆ. ಗುರುತಿಲ್ಲದವರ ಊರಿನಲ್ಲಿ ಒಳಗೊಳಗೇ ಅಷ್ಟು ನಕ್ಕವನು, ಇಲ್ಲಿ ಮುಂಜಾನೆಯ ಗೆಳೆತನ ಕೆಡುತ್ತದೆ ಅಂತ ಹಿಂಜರಿದೆ. ಅದಕ್ಕೇ ನಿನಗೆ ಉಪದೇಶ ಮಾಡುವ ಮುಖ ನನಗಿಲ್ಲ.

ಹುಡುಗ ಹೋಗಿ ಬರಲಿ. ಬಂದ ಕೂಡಲೇ "ಅದೆಲ್ಲ ಸುಳ್ಳು" ಅಂತ ಶುರು ಮಾಡಬೇಡ. ಏನೇನು ನೋಡಿದೆ ಅಂತ ಕೇಳು, ಪೂರ್ತಿ ಹೇಳಲಿ. ಆಮೇಲೆ ನಿಮ್ಮ ಮನೆ ಹಿಂದಿನ ಹಳ್ಳಕ್ಕೆ ಕರೆದುಕೊಂಡು ಹೋಗು. ಅವನೂ ನಾನೂ ಅಲ್ಲಿ ಒಂದು ಚಪ್ಪಡಿ ಎತ್ತಿ ನೋಡಿದ್ದೆವು. ಅಂಗೈ ಅಗಲದಲ್ಲಿ ಇಪ್ಪತ್ತು ಚಿಪ್ಪು, ಒಂದೊಂದರ ಮೇಲೂ ಬೀಸಣಿಗೆಯ ಮಡಿಕೆಯಂಥ ಗೆರೆ. ನಿಮ್ಮ ಸಿನ್ಸಿನಾಟಿ ಸುತ್ತಿನ ಸುಣ್ಣಕಲ್ಲು ಸುಮಾರು 45 ಕೋಟಿ ವರ್ಷದ ಹಿಂದಿನ ಸಮುದ್ರದ ತಳ. ಅವನು ಉಗುರಿನಿಂದ ಆ ಗೆರೆ ಕೆರೆದು, "ಅಜ್ಜಾ, ಇದಕ್ಕ ಯಾರು ಕೆತ್ತಿದ್ರು?" ಅಂದಿದ್ದ. ಆ ಪ್ರಶ್ನೆ ಈಗ ಅವನು ಮತ್ತೆ ಕೇಳಬೇಕು.

ನಿನ್ನ ಗೆಳತಿ ಹೊರಡುತ್ತಿದ್ದಾಳಲ್ಲ, ಅವಳ ಕೈಯಲ್ಲಿ ಒಂದು ಕಲ್ಲು ಕಳಿಸುತ್ತಿದ್ದೇನೆ. ನಮ್ಮ ಹಿತ್ತಲಲ್ಲಿ ಬಾವಿ ತೋಡಿದಾಗ ಬಂದದ್ದು. (ಕಪ್ಪತಗುಡ್ಡದ್ದು ಆಗಿದ್ದರೆ ಇನ್ನೂ ಚೆನ್ನ, ಆದರೆ ಅದು ಈಗ ಅಭಯಾರಣ್ಯ, ಮುಟ್ಟಬಾರದು.) ಲೋಕದ ಭೂವಿಜ್ಞಾನಿಗಳೆಲ್ಲ ಈ ಜಾತಿಯ ಶಿಲೆಗೆ ನಮ್ಮೂರ ಹೆಸರೇ ಹೇಳುತ್ತಾರೆ. ಬ್ರಿಟಿಷರ ಕಾಲದ ಭೂವಿಜ್ಞಾನಿ ಬ್ರೂಸ್ ಫೂಟ್ ಸಾಹೇಬರು ಇಟ್ಟ ಹೆಸರು. 250 ಕೋಟಿ ವರ್ಷಕ್ಕಿಂತ ಹಳೆಯದು. ಎರಡೂ ಕಲ್ಲು ಅವನ ಮುಂದೆ ಇಡು, ಭೂತಗನ್ನಡಿ ಕೊಡು. ನಮ್ಮೂರ ಕಲ್ಲಿನಲ್ಲಿ ಒಂದು ಚಿಪ್ಪೂ ಸಿಗುವುದಿಲ್ಲ. ಯಾಕೆ ಅಂತ ಅವನೇ ತಲೆ ಕೆಡಿಸಿಕೊಳ್ಳಲಿ. ಆಗ ಚಿಪ್ಪು ಕಟ್ಟಿಕೊಳ್ಳುವ ಜೀವವೇ ಇರಲಿಲ್ಲ ಅನ್ನೋದನ್ನು ಎರಡು ದಿನ ತಡೆದು ಹೇಳು.

ಲೈನ್ ಬಜಾರ್ ಪೇಢೆಯ ಡಬ್ಬಿ ಮೇಲಿದೆ, ಕಲ್ಲು ಅದರ ಕೆಳಗೆ, ಹಳೆಯ ಟವೆಲ್‌ನಲ್ಲಿ ಸುತ್ತಿದೆ. ಕಟ್ಟುವಾಗ ನಾನು ಹೊರಗೆ ಹೋಗಿದ್ದೆ. ಬಂದು ನೋಡಿದರೆ ದೂರ ಹೋಗುವ ವಸ್ತು ಅಂತ ನಿನ್ನ ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದಾಳೆ. ನಾನೇನೂ ಅನ್ನಲಿಲ್ಲ. ತೊಳೆಯೋದಿದ್ದರೆ ನೀನೇ ತೊಳಿ.

ಅಳಿಯಂದಿರಿಗೆ ಕೇಳಿದೆ ಅಂತ ಹೇಳು.

ನಿನ್ನ,
ಅಪ್ಪ