ಫೀಡ್‌ಗೆ ಭಯವೂ ಇಷ್ಟವೂ ಒಂದೇ

ಮಾನ್ಯ ಸಂಪಾದಕರೇ,

ಹಾಸನ ಜಿಲ್ಲೆಯಲ್ಲಿ ಹೃದಯಾಘಾತದಿಂದ ಸರಣಿ ಸಾವುಗಳಾಗುತ್ತಿವೆ ಎಂಬ ಸುದ್ದಿ 2025ರ ಜೂನ್–ಜುಲೈ ತಿಂಗಳಲ್ಲಿ ಹಬ್ಬಿ, ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳಲ್ಲಿ ತಪಾಸಣೆಗೆಂದು ಜನ ಸಾಲುಗಟ್ಟಿ ನಿಂತದ್ದು ಓದುಗರಿಗೆ ನೆನಪಿರಬಹುದು. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯು ಪರಿಶೀಲನೆ ನಡೆಸಿ, ಅಸಹಜವೆನ್ನುವಂಥ ಏರಿಕೆ ಕಂಡುಬಂದಿಲ್ಲವೆಂದು ವರದಿ ನೀಡಿತು. ಆಗ ಟಿ.ವಿ. ವಾಹಿನಿಗಳನ್ನೂ ವಾಟ್ಸ್‌ಆ್ಯಪ್ ವದಂತಿಗಳನ್ನೂ ಎಲ್ಲರೂ ದೂರಿದೆವು. ಆದರೆ ಒಬ್ಬೊಬ್ಬರ ಮೊಬೈಲಿಗೂ ಅವರವರ ಅಳತೆಗೆ ಹೊಲಿದಂತೆ ಸಿದ್ಧವಾಗುವ ಫೀಡ್, ಅಂದರೆ ಜಾಲತಾಣಗಳು ಒಂದರ ಹಿಂದೊಂದು ತೋರಿಸುವ ವಿಡಿಯೊ, ಪೋಸ್ಟ್‌ಗಳ ಸಾಲು, ಆ ಆತಂಕವನ್ನು ಹೇಗೆ ಸಾಕಿತೆಂಬುದು ಅಷ್ಟಾಗಿ ಚರ್ಚೆಗೆ ಬರಲಿಲ್ಲ.

ನಮ್ಮ ಭಾವನವರು ನಿವೃತ್ತ ಶಿಕ್ಷಕರು. ಜಿಮ್‌ನಲ್ಲಿ ಕುಸಿದು ಬೀಳುವ ಯುವಕನೊಬ್ಬನ ಸಿಸಿಟಿವಿ ದೃಶ್ಯವನ್ನು ಅವರು ಆ ದಿನಗಳಲ್ಲಿ ಕೊನೆಯವರೆಗೂ ನೋಡಿದರು. ಅದರ ಬೆನ್ನಿಗೇ ಮದುವೆ ಮನೆಯಲ್ಲಿ ಕುಣಿಯುತ್ತಲೇ ಬಿದ್ದವರು, ಎಡಗೈ ನೋವನ್ನು ಕಡೆಗಣಿಸಬೇಡಿ ಎನ್ನುವ ವೈದ್ಯರು, ಬೆಳ್ಳುಳ್ಳಿ ಕಷಾಯ ಮಾರುವವರು ಒಬ್ಬರಾದ ಮೇಲೊಬ್ಬರು ಬರತೊಡಗಿದರು. ಕೆಲವೇ ದಿನಗಳಲ್ಲಿ ಅವರು ನಡುರಾತ್ರಿ ಎದ್ದು ಕೂತು ನಾಡಿ ಹಿಡಿದು ನೋಡಿಕೊಳ್ಳುವಂತಾಯಿತು. ಅದೇ ಮನೆಯಲ್ಲಿರುವ ಅವರ ಮಗಳ ಮೊಬೈಲಿನಲ್ಲಿ ಸೀರೆ, ರಂಗೋಲಿ ಬಿಟ್ಟರೆ ಬೇರೇನೂ ಇರಲಿಲ್ಲ. ಊರಿಗೆ ಊರೇ ಇದನ್ನು ನೋಡುತ್ತಿದೆ ಎಂದುಕೊಂಡಿದ್ದ ಅವರು, ಇದು ನಿಮಗೆಂದೇ ಆರಿಸಿ ಕಳಿಸುತ್ತಿರುವುದು ಎಂದರೆ ನಂಬಲೇ ಇಲ್ಲ. ಇಸಿಜಿ ನಾರ್ಮಲ್ ಬಂದ ಮೇಲೂ ಫೀಡ್ ಬದಲಾಗಲಿಲ್ಲ. ವೈದ್ಯರು ಧೈರ್ಯ ಹೇಳಿದ್ದು ಅದಕ್ಕೆ ಗೊತ್ತಾಗುವುದಾದರೂ ಹೇಗೆ?

ಬೆರಳು ಎಲ್ಲಿ ತಡೆದು ನಿಂತಿತು, ಯಾವ ವಿಡಿಯೊವನ್ನು ಪೂರ್ತಿ ನೋಡಿದೆವು, ಯಾವುದನ್ನು ಇನ್ನೊಬ್ಬರಿಗೆ ಕಳಿಸಿದೆವು ಎಂಬುದನ್ನೆಲ್ಲ ಲೆಕ್ಕವಿಟ್ಟು ಮುಂದಿನದನ್ನು ಆರಿಸುವ ಈ ವ್ಯವಸ್ಥೆಯಲ್ಲಿ, ಇಷ್ಟಪಟ್ಟು ನೋಡಿದ್ದಕ್ಕೂ ಹೆದರಿ ನೋಡಿದ್ದಕ್ಕೂ ಬಹುಮಟ್ಟಿಗೆ ಒಂದೇ ಬೆಲೆ. ಹೀಗಾಗಿ ಹೆದರಿದವರಿಗೇ ಹೆದರಿಸುವಂಥದ್ದು ಹೆಚ್ಚು ಸಿಗುತ್ತದೆ. ಸಮಿತಿಯ ವರದಿಯಂತಹ ಸಪ್ಪೆ ಸಮಾಧಾನದ ಮುಂದೆ ಯಾರ ಬೆರಳೂ ನಿಲ್ಲುವುದಿಲ್ಲವಾದ್ದರಿಂದ, ಅದು ತಲುಪಲೇಬೇಕಾದವರನ್ನು ತಲುಪುವ ಸಂಭವ ಕಡಿಮೆ. ಫೀಡ್‌ನ ಆಯ್ಕೆಯು ಮನಸ್ಸನ್ನು ಅಲುಗಿಸಬಲ್ಲದೆಂಬುದು ಕಂಪನಿಗಳಿಗೆ ತಿಳಿಯದ ವಿಷಯವೂ ಅಲ್ಲ. ಫೇಸ್‌ಬುಕ್ 2012ರ ಜನವರಿಯಲ್ಲಿ 6,89,003 ಬಳಕೆದಾರರ ಫೀಡನ್ನು ಅವರ ಅರಿವಿಗೆ ಬಾರದಂತೆ ಒಂದು ವಾರ ಬದಲಾಯಿಸಿ ನೋಡಿತ್ತು. ಸಂತಸದ ಪೋಸ್ಟ್‌ಗಳನ್ನು ಕಡಿಮೆ ತೋರಿಸಿದಾಗ ಆ ಜನರ ಬರಹದಲ್ಲೂ ಸಂತಸದ ಮಾತು ಕಡಿಮೆಯಾಯಿತೆಂದು 2014ರಲ್ಲಿ ಪ್ರಕಟವಾದ ಆ ಅಧ್ಯಯನ ಹೇಳಿತು. ಪರಿಣಾಮ ಬಹಳ ಸಣ್ಣದಾಗಿತ್ತು, ನಿಜ. ಆದರೆ ಈಗ ನಡೆಯುತ್ತಿರುವುದು ಒಂದು ವಾರದ ಪ್ರಯೋಗವಲ್ಲ.

ಮೊಬೈಲ್ ಕೆಳಗಿಡಿ ಎಂಬ ಬುದ್ಧಿಮಾತು ನಮ್ಮಲ್ಲಿ ಬೇಕಾದಷ್ಟಿದೆ. ಕಂಪನಿಗಳನ್ನು ಕೇಳಬೇಕಾದದ್ದು ಬೇರೆ. ಬಳಕೆದಾರರ ವರ್ತನೆಯನ್ನು ಜಾಲಾಡದೆ ಸಿದ್ಧಪಡಿಸಿದ ಫೀಡ್‌ನ ಆಯ್ಕೆಯೊಂದನ್ನಾದರೂ ಬೃಹತ್ ಜಾಲತಾಣಗಳು ಕೊಡಲೇಬೇಕೆಂದು ಯುರೋಪಿಯನ್ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆ ಹೇಳುತ್ತದೆ. 2023ರ ಆಗಸ್ಟ್‌ನಿಂದ ಅದು ಅಲ್ಲಿ ಜಾರಿಯಲ್ಲಿದೆ. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ವರ್ತನೆಯ ಮೇಲೆ ಕಣ್ಣಿಡುವುದನ್ನು ನಿಷೇಧಿಸುತ್ತದೆಯಾದರೂ, ವಯಸ್ಕರಿಗೆ ಇಂಥ ಫೀಡ್‌ನ ಹಕ್ಕನ್ನು ಕೊಡುವುದಿಲ್ಲ. ಅರವತ್ತು ದಾಟಿ, ಒಂಟಿಯಾಗಿ ಮೊಬೈಲ್ ನೋಡುತ್ತ ಕೂರುವವರು ಮಕ್ಕಳಿಗಿಂತ ಗಟ್ಟಿಗರೆಂದು ಯಾರು ತೀರ್ಮಾನಿಸಿದರೋ ತಿಳಿಯದು.

ಯುರೋಪಿನವರಿಗಿರುವ ಆಯ್ಕೆ ಕನ್ನಡದಲ್ಲಿ, ಮೊದಲ ಪುಟದಲ್ಲೇ ಕಾಣುವಂತೆ, ಒಮ್ಮೆ ಆರಿಸಿದರೆ ಮತ್ತೆ ತಾನಾಗಿ ಬದಲಾಗದಂತೆ ನಮಗೂ ಸಿಗಬೇಕು. ಇದು ಕೇಂದ್ರದ ಅಧಿಕಾರದಲ್ಲಿರುವ ವಿಷಯವಾದ್ದರಿಂದ ರಾಜ್ಯದ ಸಂಸದರು ಪಕ್ಷಭೇದ ಮರೆತು ಸಂಸತ್ತಿನ ಮುಂದಿನ ಅಧಿವೇಶನದಲ್ಲಿ ಇದನ್ನು ಪ್ರಸ್ತಾಪಿಸಬೇಕೆಂದು ಕೋರುತ್ತೇನೆ.

— ಓದುಗ, ಹಾಸನ